ಬೇರೆಯವರ ಹೊಲದಲ್ಲಿ ಚರಗ

ನನ್ನ ತಮ್ಮ ಬಸುವಿನ ಮಕ್ಕಳಿಗೆ ನಾನೆಂದರೆ ಪುಕ್ಕಟೆ ಟ್ರಾವೆಲ್ ಏಜೆಂಟ್. ರಜೆಯ ದಿನ ಬೆಳಿಗ್ಗೆ ಫೋನ್ ಮಾಡಿ, ಈಗಿಂದೀಗ ಹೊರಟರೆ ಎಲ್ಲಿಗೆ ಹೋಗಬಹುದು, ಕೈ ಸುಡಬಾರದು ಎಂದು ಮರಾಠಿಯಲ್ಲಿ ಕೇಳುತ್ತಾರೆ. ನಾನು ಕನ್ನಡದಲ್ಲಿ ಹೇಳುತ್ತೇನೆ. ಅವರಿಗೆ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲೇ ಬರುತ್ತದೆ. ಲೋಕಲ್‌ನಲ್ಲಿ ಕೂರಲು ಜಾಗ ಬೇಕಿದ್ದರೆ ಒಂದೆರಡು ಸ್ಟೇಷನ್ ಹಿಂದಕ್ಕೆ ಹೋಗಿ, ಗಾಡಿ ಹೊರಡುವ ಕಡೆಯೇ ಹತ್ತಿ ಕೂತು ಬನ್ನಿ ಎನ್ನುತ್ತೇನೆ. ಬುತ್ತಿಗೆ ಕಟಕ ರೊಟ್ಟಿ ಕಟ್ಟಿಕೊಳ್ಳಿ, ಚಪಾತಿ ಬೇಡ, ಅದು ಸಂಜೆಗೆ ಚಪ್ಪಲಿಯಾಗುತ್ತದೆ. ದಾರಿಯನ್ನು ಗಂಡಸರಲ್ಲಿ ಕೇಳಬೇಡಿ, ಅವರು ಗೊತ್ತಿಲ್ಲದಿದ್ದರೂ ಹೇಳುತ್ತಾರೆ. ಬುಟ್ಟಿ ಹೊತ್ತ ಹೆಂಗಸರನ್ನು ಕೇಳಿ. ಮೈಗೆ ಹೊದೆಯಲು, ನೆಲಕ್ಕೆ ಹಾಸಲು, ಸಾಮಾನು ಕಟ್ಟಲು ಒಂದೇ ಚಾದರ ಸಾಕು. ಈ ವಿದ್ಯೆಯನ್ನೆಲ್ಲ ನಾನು ಕಲಿತದ್ದು ಡೊಂಬಿವಲಿಯ ಒಂದು ಕೋಣೆಯ ಮನೆಯಲ್ಲಿ. ಅಲ್ಲಿಂದ ನಾವು ವರ್ಷಕ್ಕೊಮ್ಮೆ, ಎಲ್ಲಿಗೆಂದು ನಮಗೇ ಗೊತ್ತಿಲ್ಲದೆ ಹೊರಡುತ್ತಿದ್ದೆವು. ಒಂದು ಮಾತನ್ನು ಮಾತ್ರ ಫೋನಿನಲ್ಲಿ ಹೇಳುವುದು ನನ್ನಿಂದ ಆಗಿಲ್ಲ. ಇಳಿದ ಊರಿನ ಮಣ್ಣು ಯಾರದೆಂದು ಕೇಳದೆ ಅದಕ್ಕೆ ಏನನ್ನೂ ಕೊಡಬೇಡಿ. ಅದನ್ನು ಹೇಳಬೇಕಾದರೆ ಅಜ್ಜಿಯ ಕತೆಯನ್ನೇ ಹೇಳಬೇಕಾಗುತ್ತದೆ.

ನಮ್ಮ ಕೋಣೆ ಚಾಳಿನ ಕೊನೆಯದು. ಹಳೆಯ ಸೀರೆಯ ಪರದೆಯೊಂದು ಅದನ್ನು ಎರಡು ಮಾಡಿತ್ತು. ಪರದೆಯ ಆಚೆ ಅಡುಗೆ ಮತ್ತು ಮೋರಿ, ಅಂದರೆ ನಾವು ಸ್ನಾನ ಮಾಡುವ, ಪಾತ್ರೆ ತೊಳೆಯುವ ಮೂಲೆ. ಈಚೆ ಉಳಿದ ಸಂಸಾರವೆಲ್ಲ. ಬಾಗಿಲ ಪಕ್ಕದ ಗೋಡೆಗೆ ಅಜ್ಜಿ ಒರಗಿ ಕೂರುತ್ತಿದ್ದಳು. ಅವಳ ತಲೆಯ ಎಣ್ಣೆ ಹತ್ತಿ ಅಲ್ಲಿ ಸುಣ್ಣ ಕಪ್ಪಾಗಿತ್ತು. ಗಾಳಿ ತಿರುಗಿದ ದಿನ ಕಾರ್ಖಾನೆಗಳ ವಾಸನೆ ಬಂದು ಮೂಗು ಉರಿಯುತ್ತಿತ್ತು. ಪಕ್ಕದ ಕೋಣೆಯಲ್ಲಿ ಉಡುಪಿ ಕಡೆಯವರಿದ್ದರು. ಅವರು ಮನೆಯಲ್ಲಿ ತುಳು, ನಮ್ಮೊಡನೆ ಕನ್ನಡ ಆಡುತ್ತಿದ್ದರು. ಅಜ್ಜಿಯ ವಿಜಾಪುರದ ಮಾತು ಕೇಳಿ ಅವರು ನಗುತ್ತಿದ್ದರು, ಅವರ ಪುಸ್ತಕದಂಥ ಕನ್ನಡ ಕೇಳಿ ಅಜ್ಜಿ ನಗುತ್ತಿದ್ದಳು. ಹೀಗೆ ನಗುತ್ತಲೇ ಸ್ಟೋವು, ಸೌಟು ಎರಡೂ ಕಡೆ ಓಡಾಡುತ್ತಿದ್ದವು. ಅಪ್ಪ ಶಹಾಡಿನ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕಿದ್ದ. ಅಮ್ಮ ಉಲ್ಹಾಸನಗರದಲ್ಲಿ ಗುಂಡಿ ತಯಾರಿಸುವ ಸಣ್ಣ ವರ್ಕ್‌ಶಾಪಿಗೆ ಹೋಗುತ್ತಿದ್ದಳು. ಅವಳು ಹೊರಗೆ ದುಡಿಯಲು ಸಾಧ್ಯವಾದದ್ದೇ ಅಜ್ಜಿ ಮನೆಯಲ್ಲಿದ್ದುದರಿಂದ.

ಆದರೆ ಅಜ್ಜಿ ಒಂದು ಕರಾರಿನ ಮೇಲೆ ಬಂದವಳು. ಅಜ್ಜ ತೀರಿದ ಮೇಲೆ ಅಪ್ಪ ಕರೆಯಲು ಹೋದಾಗ, ಎಳ್ಳಮವಾಸ್ಯೆಗೆ ಚರಗ ಚೆಲ್ಲಿಸುತ್ತೇನೆಂದು ಮಾತು ಕೊಟ್ಟರೆ ಬರುತ್ತೇನೆ, ಅದು ತಪ್ಪಿದ ವರ್ಷ ನಿಮ್ಮ ಮನೆಯಲ್ಲಿ ನೀರು ಕೂಡ ಕುಡಿಯುವುದಿಲ್ಲ, ಊರಲ್ಲಿ ಹೊಲ ನೋಡಿಕೊಂಡಿರುವ ದೊಡ್ಡ ಮಗನ ಹತ್ತಿರ ವಾಪಸು ಹೋಗುತ್ತೇನೆ ಎಂದಿದ್ದಳು. ನಮ್ಮ ಕಡೆ ಎಳ್ಳಮವಾಸ್ಯೆಯ ದಿನ ಹೊಲದಲ್ಲಿ ಬೆಳೆ ತುಂಬಿ ನಿಂತಿರುತ್ತದೆ. ಆಗ ಭೂಮಿ ಬಸುರಿ. ಬಸುರಿಯ ಬಯಕೆ ತೀರಿಸಲು ಮನೆಯಲ್ಲಿ ಮಾಡಿದ ಎಲ್ಲ ಅಡುಗೆಯನ್ನೂ ಒಂದಿಷ್ಟು ಕಲಸಿ, ಕೂಗುತ್ತ ಹೊಲದ ಸುತ್ತ ಚೆಲ್ಲುವುದೇ ಚರಗ. ಅಪ್ಪ ಯೋಚಿಸದೆ ಹೂಂ ಎಂದಿದ್ದ. ಡೊಂಬಿವಲಿಯಲ್ಲಿ ತುಳಸಿ ಕುಂಡದಷ್ಟು ಮಣ್ಣೂ ನಮ್ಮದಲ್ಲ ಎಂಬುದು ಅವನಿಗೆ ಆಮೇಲೆ ಹೊಳೆಯಿತು. ಎಳ್ಳಮವಾಸ್ಯೆ ಹತ್ತಿರ ಬಂದಂತೆ ಮನೆಯಲ್ಲಿ ಎಲ್ಲರ ದನಿ ತಗ್ಗುತ್ತಿತ್ತು. ಅಜ್ಜಿ ಎಲ್ಲಿ ಟ್ರಂಕು ತೆಗೆಯುತ್ತಾಳೋ ಎಂದು ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ರಾತ್ರಿ ಅವಳ ಪಕ್ಕದಲ್ಲಿ ಮಲಗುವವಳು ನಾನು, ಅವಳಿಲ್ಲದೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಹೀಗೆ ನಮ್ಮ ಪ್ರವಾಸಗಳು ಶುರುವಾದವು. ಎಳ್ಳಮವಾಸ್ಯೆಯ ಬೆಳಿಗ್ಗೆ ಅಡುಗೆಯನ್ನು ಚಾದರದಲ್ಲಿ ಕಟ್ಟಿ, ಕಸಾರಾ ಕಡೆಯ ಲೋಕಲ್ ಹತ್ತುತ್ತಿದ್ದೆವು. ಟಿಕೆಟು ಕೊನೆಯವರೆಗೆ, ಇಳಿಯುವುದು ಎಲ್ಲಿ ಎಂದು ಮಾತ್ರ ಗೊತ್ತಿಲ್ಲ. ಅಜ್ಜಿ ಬಾಗಿಲ ಕಂಬ ಹಿಡಿದು ಹೊರಗೆ ನೋಡುತ್ತ ನಿಲ್ಲುವಳು. ಶಹಾಡಿನ ಚಿಮಣಿ ಹೋಗಿ, ಟಿಟ್ವಾಳಾ ಹಿಂದೆ ಬಿದ್ದು, ಭತ್ತ ಕೊಯ್ದ ಗದ್ದೆಗಳಲ್ಲಿ ಎರಡನೆಯ ಬೆಳೆಯ ಹಸಿರು ಕಾಣತೊಡಗಿದ ಮೇಲೆ, ಅವಳಿಗೆ ಯಾವುದೋ ಒಂದು ಹೊಲ ಬಸುರಿಯೆಂದು ಅನಿಸುತ್ತಿತ್ತು. ಮುಂದಿನ ಸ್ಟೇಷನ್ನಿನಲ್ಲಿ ಇಳಿಯಿರಿ ಎನ್ನುವಳು. ಇಳಿದು ಹಳಿಯ ಪಕ್ಕ ಹಿಂದಕ್ಕೆ ನಡೆಯುತ್ತಿದ್ದೆವು. ಹಿಂದಿನ ವರ್ಷಗಳಲ್ಲಿ ಯಾರೂ ನಮ್ಮನ್ನು ತಡೆದಿರಲಿಲ್ಲ. ಒಮ್ಮೆ ಎಮ್ಮೆ ಕಾಯುವ ಮುದುಕನೊಬ್ಬ ಬಂದು ನಮ್ಮ ಜೊತೆಯೇ ಕೂತು ಹೊಟ್ಟೆ ತುಂಬ ಉಂಡು, ಕಡುಬನ್ನು ಧೋತರದ ಸೆರಗಿನಲ್ಲಿ ಕಟ್ಟಿಕೊಂಡು ಹೋದ. ಖರ್ಚಿಲ್ಲದ, ಯೋಚನೆಯಿಲ್ಲದ ಆ ತಿರುಗಾಟದಷ್ಟು ಸುಖ ನನಗೆ ಆಮೇಲೆ ಯಾವ ಊರಿನಲ್ಲೂ ಸಿಗಲಿಲ್ಲ.

ನಾನು ಹೇಳುತ್ತಿರುವ ವರ್ಷ ಅಡುಗೆಮನೆಯಲ್ಲೇ ಜಗಳ ಹತ್ತಿತು. ನಸುಕಿನಲ್ಲೇ ಎರಡು ಸ್ಟೋವು ಹಚ್ಚಿ ಅಜ್ಜಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು, ಅಮ್ಮ ಶೇಂಗಾ ಹೋಳಿಗೆಯ ಹೂರಣ ಕಟ್ಟುತ್ತಿದ್ದಳು. ಅಮ್ಮ ವಿಠ್ಠಲವಾಡಿಯಲ್ಲಿ ಹುಟ್ಟಿ ಬೆಳೆದವಳು. ಅವಳಪ್ಪ ರಾಯಚೂರಿನಿಂದ ಬಂದು ಲಾರಿಗೆ ಮೂಟೆ ಹೊರುತ್ತಿದ್ದವನು. ಅವಳ ಕನ್ನಡದಲ್ಲಿ ಅರ್ಧ ಮರಾಠಿ. ಅಜ್ಜಿ ಅವಳನ್ನು ಟೇಸನ್ನಿನಾಗ ಹುಟ್ಟಿದಾಕಿ ಎಂದು ಹಂಗಿಸುತ್ತಿದ್ದಳು. ವರ್ಕ್‌ಶಾಪಿಗೆ ಕಸಾರಾ ಲೈನಿನ ಹಳ್ಳಿಗಳಿಂದ ಬರುವ ಹೆಂಗಸರು ಅಮಾವಾಸ್ಯೆ, ಕರಣಿ, ಮಾಟ ಎಂದು ಹೆದರಿ ಮಾತಾಡುವುದನ್ನು ಅಮ್ಮ ಕೇಳಿದ್ದಳು. ಆದ್ದರಿಂದ ಈ ಸಲ ಆ ಎಮ್ಮೆ ಕಾಯುವ ಮುದುಕನ ಕಡೆಯೇ ಹೋಗೋಣ, ಇಲ್ಲವೇ ಹೊಲದವರನ್ನು ಮೊದಲು ಕೇಳೋಣ ಎಂದಳು. ಅಜ್ಜಿ ಕೈಯಲ್ಲಿದ್ದ ಹಿಟ್ಟನ್ನು ನಾದುವ ಕೊಣಮಿಗೆಗೆ ಬಡಿದಳು.

“ಅನ್ನ ಹಾಕಾಕ ಯಾರನ್ನ ಕೇಳಬೇಕು? ತಾಯಿಗೆ ಉಣಸಾಕ ಅಪ್ಪಣಿ ಬೇಕೇನು?”

ಅಪ್ಪ ಪರದೆಯ ಈಚೆಯಿಂದ, ನಿಮ್ಮ ಪಂಚಾಯ್ತಿ ಮುಗಿಯುವುದರೊಳಗೆ ಗಾಡಿ ಹೋಗುತ್ತದೆ ಎಂದು ಗದರಿದ. ಅಮ್ಮ ಸಿಟ್ಟು ಬಂದಾಗ ಪಾತ್ರೆಗಳನ್ನು ಸದ್ದಿಲ್ಲದೆ ಇಡುತ್ತಿದ್ದಳು, ಆ ಬೆಳಿಗ್ಗೆ ಒಂದು ಪಾತ್ರೆಯೂ ಸದ್ದು ಮಾಡಲಿಲ್ಲ.

ಅಂದು ಇಳಿದ ಸ್ಟೇಷನ್ನಿನ ಹೆಸರನ್ನು ಬರೆಯುವುದಿಲ್ಲ. ಅಲ್ಲಿ ಈಗಲೂ ಆ ಮನೆಯ ಜನ ಇರಬಹುದು. ಸಣ್ಣ ನೀರಿನ ಕಾಲುವೆಯ ಪಕ್ಕ ಅವರೆ ಮತ್ತು ಕಡಲೆ ಬೆಳೆದ ಹೊಲ, ದೂರದಲ್ಲಿ ಹುಲ್ಲಿನ ಮಾಡಿನ ಒಂದು ಮನೆ. ಮಣ್ಣು ಕರಿಯದಲ್ಲ ಎಂದು ಅಜ್ಜಿ ಎಂದಿನಂತೆ ಗೊಣಗಿದಳು, ಆದರೂ ಹಿಡಿ ಮಣ್ಣನ್ನು ಮೂಸಿ ನೋಡಿ ಒಪ್ಪಿದಳು. ಹೊಲದಲ್ಲೇ ಐದು ಕಲ್ಲು ಆರಿಸಿ, ಸುಣ್ಣ ಬಳಿದು, ಅರಿಸಿನ ಕುಂಕುಮ ಏರಿಸಿ ಸಾಲಾಗಿ ಇಟ್ಟಳು. ಎಡೆ ಮಾಡಿದಳು. ರೊಟ್ಟಿ, ಭಜ್ಜಿ ಪಲ್ಯ, ಕಡುಬು, ಹೋಳಿಗೆ ಎಲ್ಲವನ್ನೂ ಅನ್ನದಲ್ಲಿ ಕಲಸಿ ಬುಟ್ಟಿಗೆ ಹಾಕಿಕೊಂಡು ಬೆಳೆಯ ಸುತ್ತ ನಡೆಯುತ್ತ ಚೆಲ್ಲತೊಡಗಿದಳು. ಅಪ್ಪ ಹಿಂದಿನಿಂದ ಚೊಂಬಿನಲ್ಲಿ ನೀರು ಚಿಮುಕಿಸುತ್ತ, ಹುಲ್ಲುಲ್ಲಿಗ್ಯೋ ಎಂದು ಚರಗದ ಕೂಗನ್ನು ದನಿ ಎತ್ತಿ ಕೂಗಿದ. ಬಸು ಅದನ್ನೇ ತೊದಲಿದ. ನಾನೂ ಕೂಗಿದೆ.

ಹುಲ್ಲಿನ ಮನೆಯಿಂದ ಒಬ್ಬ ಮುದುಕಿ ಹೊರಗೆ ಬಂದು ಹಣೆಗೆ ಕೈ ಇಟ್ಟು ನೋಡಿದಳು. ಒಳಗೆ ಹೋದಳು. ಮತ್ತೆ ಬಂದಾಗ ಅವಳ ಜೊತೆ ಅವಳ ಮಗನಿದ್ದ, ಅವನ ಕೈಯಲ್ಲಿ ಕೊಯ್ತಾ, ಅಂದರೆ ದೊಡ್ಡ ಕುಡುಗೋಲು ಇತ್ತು. ಪಕ್ಕದ ಹೊಲಗಳಿಂದ ಇನ್ನೂ ಕೆಲವು ಗಂಡಸರು ಬದುವಿನ ಮೇಲೆ ಬಂದು ನಿಂತರು. ಯಾರೂ ಓಡಿ ಬರಲಿಲ್ಲ, ಕೂಗಲಿಲ್ಲ. ಸುಮ್ಮನೆ ಬಂದು ನಮ್ಮ ಸುತ್ತ ನಿಂತರು. ಮುದುಕಿ ಸುಣ್ಣದ ಕಲ್ಲುಗಳನ್ನು ನೋಡಿದಳು, ಕುಂಕುಮವನ್ನು ನೋಡಿದಳು, ಬೆಳೆಯ ಬುಡದಲ್ಲಿ ಬಿದ್ದ ಅನ್ನವನ್ನು ನೋಡಿದಳು.

“ಕೋಣಾಲಾ ವಿಚಾರಲಂ?”

ಯಾರನ್ನು ಕೇಳಿದಿರಿ ಎಂದು. ಬೆಳಿಗ್ಗೆ ಅಮ್ಮ ಕೇಳಿದ್ದೂ ಅದನ್ನೇ. ಅಪ್ಪ ಹಿಂದಿಯಲ್ಲಿ ಏನೋ ಜೋರು ಮಾಡಿದ. ನಾವೇನು ಕಳ್ಳರೇ, ದೇವರ ಕೆಲಸ ಮಾಡುತ್ತಿದ್ದೇವೆ ಎಂದ. ಮುದುಕಿಯ ಮಗ ಒಂದು ಹೆಜ್ಜೆ ಮುಂದೆ ಬಂದ. ಅಪ್ಪ ಚೊಂಬನ್ನು ಎಸೆದು ಬದುವಿನ ಮೇಲಿದ್ದ ಕಟ್ಟಿಗೆಗೆ ಬಾಗಿದ. ಅಮ್ಮ ಬಸುವನ್ನು ನನ್ನ ಕೈಗೆ ತಳ್ಳಿ, ಅಪ್ಪನ ಎದೆಗೆ ಎರಡೂ ಕೈ ಕೊಟ್ಟು ಹಿಂದಕ್ಕೆ ನೂಕಿದಳು. ಅಮ್ಮ ಅಪ್ಪನ ಮೈಮೇಲೆ ಕೈ ಹಾಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ತಲೆಯ ಮೇಲೆ ಸೆರಗು ಎಳೆದುಕೊಂಡು ಮುದುಕಿಯೊಡನೆ ಮರಾಠಿಯಲ್ಲಿ ಮಾತಾಡಿದಳು. ಮುದುಕಿ ಹೇಳಿದ್ದು ನನಗೂ ತಿಳಿಯಿತು. ಹಿಂದಿನ ಅಮಾವಾಸ್ಯೆಯ ಮರುದಿನ ಅವಳ ಸೊಸೆಯ ಹೊಟ್ಟೆಯಲ್ಲಿದ್ದ ಕೂಸು ಹೋಗಿತ್ತು. ಸೊಸೆ ಇನ್ನೂ ಹಾಸಿಗೆ ಬಿಟ್ಟು ಎದ್ದಿಲ್ಲ. ಈಗ ಮತ್ತೆ ಅಮಾವಾಸ್ಯೆ, ಅದೂ ಅವರದೇ ಹೊಲದಲ್ಲಿ ಗೊತ್ತಿಲ್ಲದ ಭಾಷೆಯ ಕೂಗು, ಕುಂಕುಮ, ಕಲಸಿದ ಅನ್ನ. ನಮ್ಮ ಮೇಲೆ ಅನುಮಾನ ಬರದಿದ್ದರೇ ಆಶ್ಚರ್ಯ. ಆಗ ನನಗೆ ಇಷ್ಟೆಲ್ಲ ಹೊಳೆಯಲಿಲ್ಲ. ಕೊಯ್ತದ ಅಂಚು ಮಾತ್ರ ಕಾಣುತ್ತಿತ್ತು, ಬಸುವಿನ ಕೈ ನನ್ನ ಕೈಯಲ್ಲಿ ಬೆವೆತಿತ್ತು.

ಕರಣಿ ಅಲ್ಲದಿದ್ದರೆ ಚೆಲ್ಲಿದ್ದನ್ನು ತಿಂದು ತೋರಿಸಿ ಎಂದು ಮಗ ಹೇಳಿದ. ಅಮ್ಮ ಒಂದು ಕ್ಷಣವೂ ತಡೆಯಲಿಲ್ಲ. ಕುಕ್ಕರಗಾಲಲ್ಲಿ ಕೂತು, ಕಡಲೆ ಗಿಡದ ಬುಡದಿಂದ ಮಣ್ಣು ಮೆತ್ತಿದ ತುತ್ತೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡಳು. ಹಲ್ಲಿನ ನಡುವೆ ಮರಳು ಕರಕರ ಎಂದದ್ದು ನನಗೆ ಕೇಳಿಸಿತು. ನುಂಗಿದಳು. ಅಜ್ಜಿ ಹಿಂದಿನಿಂದ, ಏನು ಮಾಡುತ್ತಿದ್ದೀಯ ರಂಡೆ ಎಂದು ಚೀರಿದಳು. ಅವಳಿಗೆ ಮರಾಠಿ ಬರುತ್ತಿರಲಿಲ್ಲ. ಭೂಮಿಗೆ ಕೊಟ್ಟದ್ದನ್ನು ಸೊಸೆ ಹೆಕ್ಕಿ ತಿನ್ನುತ್ತಿರುವುದಷ್ಟೇ ಅವಳಿಗೆ ಕಂಡದ್ದು. ಮುದುಕಿ ಅಮ್ಮನನ್ನು ನೋಡಲೇ ಇಲ್ಲ. ಅವಳ ಕಣ್ಣು ಅಜ್ಜಿಯ ಮೇಲಿತ್ತು.

“ತೂ ನಾಯ್. ಮ್ಹಾತಾರೀಲಾ ಖಾಊ ದೇ.”

ನೀನಲ್ಲ, ಆ ಮುದುಕಿ ತಿನ್ನಲಿ. ಚೆಲ್ಲಿದವಳೇ ತಿನ್ನಬೇಕು. ಅಮ್ಮ ಎದ್ದು ನಿಂತಳು. ಅಷ್ಟು ಹೊತ್ತು ಗಟ್ಟಿಯಾಗಿದ್ದ ಅವಳ ಮುಖ ಆಗ ಬಿಳುಚಿತು. ಜನರನ್ನು ಒಪ್ಪಿಸುವುದಕ್ಕಿಂತ ಅಜ್ಜಿಯನ್ನು ಒಪ್ಪಿಸುವುದು ಕಷ್ಟ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಜ್ಜಿ ತಿನ್ನದಿದ್ದರೆ ನಾವು ಆ ಹೊಲ ದಾಟುವಂತಿಲ್ಲ. ತಿಂದರೆ ಚರಗ ತಪ್ಪಿದಂತೆ, ಅವಳು ನಮ್ಮ ಮನೆಯಲ್ಲಿ ಉಳಿಯುವುದಿಲ್ಲ.

“ಏನಂತಾರ ಅವರು?”

“ನೀವು ತಿನ್ನಬೇಕಂತ, ಅತ್ತೀ. ನೆಲದಾಗಿಂದು.”

“ತಾಯಿಗೆ ಕೊಟ್ಟದ್ದು ಅದು. ಕೊಟ್ಟದ್ದನ್ನ ತಿರುಗಿ ಕಸಗೊಂಡು ತಿಂತಾರೇನು? ನಾ ಸತ್ರೂ ತಿನ್ನಾಕಿಲ್ಲ.”

ಅಮ್ಮ ಅಜ್ಜಿಯ ಎರಡೂ ತೋಳು ಹಿಡಿದುಕೊಂಡಳು.

“ಅತ್ತೀ, ಇದು ನಮ್ಮ ಭೂಮಿ ಅಲ್ಲ. ಇವರದು. ಇವರ ಭೂಮಿ ಇದನ್ನ ಬ್ಯಾಡ ಅಂದದ.”

ಅಜ್ಜಿ ಸುತ್ತ ನಿಂತವರನ್ನು ಒಬ್ಬೊಬ್ಬರಾಗಿ ನೋಡಿದಳು. ಎಷ್ಟೋ ವರ್ಷಗಳಿಂದ ಅವಳು ಗಾಡಿಯ ಬಾಗಿಲಿನಿಂದ ನೋಡಿ ಆರಿಸಿ, ತನ್ನದೆಂದೇ ತಿಳಿದು ಉಣಿಸಿದ ನೆಲಗಳೆಲ್ಲ ಬೇರೆಯವರವು ಎಂಬುದು ಅವಳಿಗೆ ಆಗ ತಟ್ಟಿರಬೇಕು. ಮಂಡಿ ಹಿಡಿದುಕೊಂಡು ಮೆಲ್ಲಗೆ ಕೂತಳು. ಚೆಲ್ಲಿದ ಅನ್ನವನ್ನು ಬೆರಳಿನಿಂದ ಕೂಡಿಸಿದಳು. ತುತ್ತು ಬಾಯಿಗೆ ಹೋಗುವಾಗ ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಆದರೂ ಅಗಿದಳು. ಒಂದು ತುತ್ತಿಗೆ ಬಿಡಲಿಲ್ಲ, ಆ ಗಿಡದ ಬುಡ ಪೂರ್ತಿ ಖಾಲಿಯಾಗುವವರೆಗೆ ತಿಂದಳು. ಅಪ್ಪ ಮುಖ ತಿರುಗಿಸಿ ನಿಂತ. ನನಗೆ ಆ ಹೊಲದ ಜನರ ಮೇಲೆ ಉರಿಯುವಷ್ಟು ಸಿಟ್ಟು ಬಂತು. ಅಜ್ಜಿಯನ್ನು ಅಲ್ಲಿಗೆ ಕರೆತಂದ ನಮ್ಮೆಲ್ಲರ ಮೇಲೂ ಬಂತು.

ಮುದುಕಿ ಕೊಯ್ತಾ ಹಿಡಿದ ಮಗನಿಗೆ ಹಿಂದೆ ಸರಿಯಲು ಹೇಳಿದಳು. ಇದು ಯಾತಕ್ಕೆ ಎಂದು ಅಮ್ಮನನ್ನು ಕೇಳಿದಳು. ಭೂಮಿ ಬಸುರಿ, ಅವಳ ಬಯಕೆಗೆ ಎಂದು ಅಮ್ಮ ಹೇಳಿದಳು. ಬಸುರಿ ಎಂಬ ಮಾತು ಕೇಳಿದ್ದೇ ಮುದುಕಿ ತನ್ನ ಮನೆಯ ಕಡೆ ನೋಡಿದಳು, ಮುಖ ಗಂಟಾಯಿತು, ಸಾಕು, ಹೋಗಿ ಎಂದಳು. ಕಲ್ಲುಗಳನ್ನು ಮಾತ್ರ ಹಾಗೇ ಬಿಡಗೊಡಲಿಲ್ಲ. ಅಪ್ಪ ಕಾಲುವೆಯ ಪಕ್ಕ ಕೂತು ಒಂದೊಂದು ಕಲ್ಲನ್ನೂ ಸುಣ್ಣ, ಕುಂಕುಮ ಹೋಗುವ ತನಕ ಮರಳು ಹಾಕಿ ಉಜ್ಜಬೇಕಾಯಿತು. ತೊಳೆದ ಮೇಲೆ ಅವು ಎಲ್ಲ ಕಲ್ಲುಗಳ ಹಾಗೆ ಕಂಡವು. ನಾವು ಉಣ್ಣದೆಯೇ ಸ್ಟೇಷನ್ನಿಗೆ ನಡೆದೆವು.

ಗಾಡಿಯಲ್ಲಿ ಅಪ್ಪ ಅಮ್ಮನ ಮೇಲೆ ಹರಿಹಾಯ್ದ. ನನ್ನ ತಾಯಿಗೆ ಮಣ್ಣು ತಿನ್ನಿಸಿದೆ, ನಾನು ಒಂದು ಕೈ ನೋಡಿಕೊಳ್ಳುತ್ತಿದ್ದೆ ಎಂದ. ನಿಮ್ಮ ಕೈಗೆ ಕಟ್ಟಿಗೆ ಬಂದಿದ್ದರೆ ಈಗ ನಾವು ಯಾರೂ ಈ ಗಾಡಿಯಲ್ಲಿ ಇರುತ್ತಿರಲಿಲ್ಲ ಎಂದು ಅಮ್ಮ ಹೇಳಿದಳು. ಅಜ್ಜಿ ಕಣ್ಣು ಮುಚ್ಚಿ ಕೂತಿದ್ದಳು. ಮನೆಗೆ ಬಂದವಳೇ ಮೋರಿಯಲ್ಲಿ ತಣ್ಣೀರು ಸುರಿದುಕೊಂಡಳು. ಅಡುಗೆಯನ್ನೆಲ್ಲ ಪಕ್ಕದ ಮನೆಗೆ ಕೊಡಲು ಹೇಳಿದಳು. ನೀರು ಕೊಟ್ಟರೆ ಬೇಡವೆಂದು ತಲೆಯಾಡಿಸಿದಳು. ಅಮ್ಮ ಚೊಂಬನ್ನು ಅವಳ ಪಕ್ಕದಲ್ಲೇ ಇಟ್ಟು ಪರದೆಯ ಆಚೆ ಹೋದಳು. ಅಜ್ಜಿ ಟ್ರಂಕು ಎಳೆದು ಸೀರೆಗಳನ್ನು ಮಡಚತೊಡಗಿದಳು. ಯಾರ ಮೇಲೂ ಸಿಟ್ಟಿಲ್ಲ, ತಾಯಿಯ ಬಾಯಿಂದ ಕಸಿದುಕೊಂಡು ತಿಂದವಳು ನಾನು, ನಮ್ಮ ಹೊಲಕ್ಕೆ ಹೋಗಿ ತಪ್ಪಾಯಿತೆಂದು ಕೇಳಬೇಕು, ಇನ್ನು ಈ ಊರು ಸಾಕು ಎಂದಳು. ಅಪ್ಪ ಬೇಡಿಕೊಂಡ, ಗದರಿದ, ಮತ್ತೆ ಬೇಡಿಕೊಂಡ. ಅವಳು ಮಡಚುವುದನ್ನು ನಿಲ್ಲಿಸಲಿಲ್ಲ. ಆ ರಾತ್ರಿ ನಾನು ಅವಳ ಸೆರಗನ್ನು ಕೈಗೆ ಸುತ್ತಿಕೊಂಡು ಮಲಗಿದೆ. ಬೆಳಿಗ್ಗೆ ಅದು ಬಿಚ್ಚಿತ್ತು.

ಕಲ್ಯಾಣದಿಂದ ಸೊಲ್ಲಾಪುರದ ಕಡೆ ಹಗಲು ಹೊತ್ತಿನ ಗಾಡಿಯೊಂದಿತ್ತು. ಸೊಲ್ಲಾಪುರದಲ್ಲಿ ಇಳಿದು ವಿಜಾಪುರದ ಸಣ್ಣ ಗಾಡಿ ಹಿಡಿಯಬೇಕು. ಎಲ್ಲರೂ ಕಳಿಸಲು ಹೋದೆವು. ಅಪ್ಪ ಜನರಲ್ ಡಬ್ಬಿಗೆ ನುಗ್ಗಿ, ಕಿಟಕಿಯ ಪಕ್ಕ ಟವೆಲ್ ಹಾಕಿ ಜಾಗ ಹಿಡಿದು, ಅಜ್ಜಿಯನ್ನು ಕೂರಿಸಿ ಇಳಿದ. ಅಜ್ಜಿ ಕಿಟಕಿಯ ಸರಳಿನೊಳಗಿಂದ ಕೈ ಚಾಚಿ ನನ್ನ ತಲೆ ಮುಟ್ಟಿದಳು, ಬಸುವಿನ ಗಲ್ಲ ಮುಟ್ಟಿದಳು. ಅಮ್ಮನ ಕಡೆ ನೋಡಲಿಲ್ಲ. ಅಮ್ಮ ವರ್ಕ್‌ಶಾಪಿಗೆ ಹೋಗುವ ಸೀರೆಯಲ್ಲೇ ಬಂದಿದ್ದಳು, ಕೈಯಲ್ಲಿ ಮಧ್ಯಾಹ್ನದ ಊಟದ ಡಬ್ಬಿ. ಅಲ್ಲಿಂದಲೇ ಕೆಲಸಕ್ಕೆ ಹೋಗುವವಳು. ಸಿಳ್ಳೆ ಆಯಿತು, ಗಾಡಿ ಅಲ್ಲಾಡಿತು. ಅಮ್ಮ ಬಸುವಿನ ಕೈಯನ್ನು ನನ್ನ ಕೈಯಲ್ಲಿ ಇಟ್ಟಳು. ಅವಳು ಏನು ಮಾಡುತ್ತಾಳೆಂದು ಯಾರಿಗೂ ತಿಳಿಯುವ ಮೊದಲೇ ನಾಲ್ಕು ಹೆಜ್ಜೆ ಓಡಿ, ಬಾಗಿಲ ಸರಳು ಹಿಡಿದು ಡಬ್ಬಿಯೊಳಗೆ ಹತ್ತಿದಳು. ಎಲ್ಲಿಗೆ, ಎಲ್ಲಿಗೆ ಎಂದು ಅಪ್ಪ ಗಾಡಿಯ ಜೊತೆ ಓಡುತ್ತ ಕೇಳಿದ. ನಾವೂ ಓಡಿದೆವು. ಅಮ್ಮನ ಮದುವೆ ಕಲ್ಯಾಣದಲ್ಲೇ ಆಗಿತ್ತು, ಅವಳು ಆವರೆಗೆ ಗಂಡನ ಊರನ್ನೂ ನೋಡಿರಲಿಲ್ಲ, ಆ ಹೊಲವನ್ನೂ ನೋಡಿರಲಿಲ್ಲ. ಜನರ ನಡುವೆ ನುಗ್ಗಿ ಅಜ್ಜಿಯ ಎದುರು ಬಂದು ನಿಂತಳು. ಕಿಟಕಿ ನಮ್ಮನ್ನು ದಾಟುವಾಗ ಅವಳು ಹೇಳಿದ್ದು ಕೇಳಿಸಿತು.

“ತಿನ್ರಿ ಅಂದಾಕಿ ನಾನು. ತಪ್ಪು ಕೇಳಾಕ ನೀವೊಬ್ಬರ ಯಾಕ ಹೋಗ್ತೀರಿ?”

ಅಜ್ಜಿ ಅವಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಪಕ್ಕದಲ್ಲಿ ಯಾರೂ ಕೂರದಂತೆ ಇಟ್ಟುಕೊಂಡಿದ್ದ ಗಂಟನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡಳು.

“ಬಟ್ಟಿ ಇಲ್ಲ, ಬರಿ ಇಲ್ಲ. ಹಿಂಗ ಹೊರಡೋ ಮಂದಿ ಎಲ್ಲ್ಯಾರ ಅದಾರೇನು? ಕೂಡು.”

ಗಾಡಿ ವಿಠ್ಠಲವಾಡಿಯ ಕಡೆ ಹೊರಟುಹೋಯಿತು. ಅಪ್ಪ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಬಾಯಿ ತೆರೆದು ನಿಂತಿದ್ದ. ಅಮ್ಮ ಬೇಕೆಂದು ಬಸು ಅಳತೊಡಗಿದ. ನನಗೆ ಅಳು ಬರಲಿಲ್ಲ. ಅಜ್ಜಿ ಸರಿದು ಅಮ್ಮನಿಗೆ ಜಾಗ ಕೊಟ್ಟದ್ದನ್ನು ನಾನು ನೋಡಿದ್ದೆ. ಹೋಗುವಾಗ ಜೊತೆಯಲ್ಲಿ ಕೂತವರು ಬರುವಾಗ ಒಬ್ಬರನ್ನು ಬಿಟ್ಟು ಬರುವುದಿಲ್ಲ.